ಎತ್ತಿನ ಹಲ್ಲು, ಕ್ಯಾಮೆರಾದ ಬೆನ್ನು

‘ಅನ್‌ಟೆಸ್ಟೆಡ್’ ಅನ್ನೋ ಪದ ಕಂಡರೆ ನನಗೆ ಮೈ ಉರಿಯುತ್ತೆ.

ಹಳೇ ಫಿಲ್ಮ್ ಕ್ಯಾಮೆರಾ ಮಾರುವ ಯಾವುದಾದರೂ ಆನ್‌ಲೈನ್ ಪುಟ ತೆಗೆದು ನೋಡಿ. ಕಟ್ಟಿಗೆ ಟೇಬಲ್ಲು, ಮೇಲೊಂದು ಕಾಫಿ ಲೋಟ, ಒಣಗಿದ ಹೂವು, ನಡುವೆ ಮಿರಿಮಿರಿ ಮಿಂಚೋ ಕ್ಯಾಮೆರಾ. ಕೆಳಗೆ ಮೂರು ಮಾತು: ಕಂಡಿಷನ್ ಸೂಪರ್, ಅನ್‌ಟೆಸ್ಟೆಡ್, ನೋ ರಿಟರ್ನ್. ಅಲ್ಲ ಯಪ್ಪಾ, ಟೆಸ್ಟ್ ಮಾಡದೆ ಕಂಡಿಷನ್ ಸೂಪರ್ ಅಂತ ನಿನಗೆ ಹೆಂಗ ಗೊತ್ತಾಯ್ತು? ಅದಕ್ಕಿಂತ ಚಂದದ್ದು ಇನ್ನೊಂದಿದೆ: ‘ಬ್ಯಾಟರಿ ಇಲ್ಲದ ಕಾರಣ ಮೀಟರ್ ಚೆಕ್ ಮಾಡಿಲ್ಲ.’ ಹದಿನೈದು ಸಾವಿರದ ಮಾಲು ಮಾರುವವನಿಗೆ ಗಡಿಯಾರದಂಗಡಿಯಲ್ಲಿ ಸಿಗೋ ಒಂದು ಗುಂಡಿ ಸೆಲ್ಲು ಹಾಕಿ ನೋಡೋಕೆ ಆಗಲಿಲ್ಲವಂತೆ. ಆ ಸೆಲ್ಲಿಗಿಂತ ಜಾಸ್ತಿ ದುಡ್ಡು ಆ ಒಣ ಹೂವಿಗೆ ಖರ್ಚಾಗಿರುತ್ತೆ.

ನಾವು ಇದನ್ನ ನಂಬ್ತೀವಿ. ನಾವು ಅಂದ್ರೆ ಯಾರು? ಎರಡು ಸಾಲಿನ ಕೋಡ್ ಬದಲಾಯಿಸಿದರೂ ಇಬ್ಬರ ರಿವ್ಯೂ, ಯೂನಿಟ್ ಟೆಸ್ಟು, ಸ್ಟೇಜಿಂಗು ಅಂತ ಮೂರು ದಿನ ತಿನ್ನೋ ಜನ. ಸ್ವಿಗ್ಗಿಯಲ್ಲಿ ಇನ್ನೂರು ರೂಪಾಯಿ ಬಿರಿಯಾನಿಗೆ ನಲವತ್ತು ರೇಟಿಂಗ್ ಓದೋ ಜನ. ಅದೇ ನಾವು, ರಾತ್ರಿ ಹನ್ನೊಂದಕ್ಕೆ ‘ಲಾಸ್ಟ್ ಪೀಸ್ ಬ್ರೋ’ ಅಂತ ಮೆಸೇಜ್ ಬಂದ ತಕ್ಷಣ ಯುಪಿಐ ಪಿನ್ ಒತ್ತಿಬಿಡ್ತೀವಿ.

ನಾನೂ ಒತ್ತಿದವನೇ. ಆ ಕಥೆ ಹೇಳದೆ ಬೈಯೋದು ನ್ಯಾಯ ಅಲ್ಲ, ಕೇಳಿ.

ಎರಡು ವರ್ಷದ ಹಿಂದೆ, ದೀಪಾವಳಿಗೆ ಮುಂಚೆ, ಪೆಂಟಾಕ್ಸ್ ಕೆ-1000 ಒಂದನ್ನ ತಗೊಂಡೆ. 16,500 ರೂಪಾಯಿ. ನನ್ನದು ‘ಅನ್‌ಟೆಸ್ಟೆಡ್’ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ: ‘ಫಿಲ್ಮ್ ಟೆಸ್ಟೆಡ್’. ಮಾರಿದವನು ಆ ಕ್ಯಾಮೆರಾದಲ್ಲೇ ತೆಗೆದ ಆರು ಫೋಟೋ ಕಳಿಸಿದ್ದ. ಕೆಫೆ ಒಳಗಿನ ದೀಪ, ಕಿಟಕಿ ಪಕ್ಕ ಕೂತ ಬೆಕ್ಕು, ಸಂಜೆಗತ್ತಲಿನ ಗಲ್ಲಿ. ಚಂದ ಇದ್ದವು. ಕೆ-1000 ಬಗ್ಗೆ ನಾನೂ ಓದಿಕೊಂಡಿದ್ದೆ. 1976ರಿಂದ 1997ರವರೆಗೆ ತಯಾರಾದ ಗಟ್ಟಿ ಪಿಂಡ, ಪೂರ್ತಿ ಮೆಕ್ಯಾನಿಕಲ್, ಸೆಲ್ಲು ಬೇಕಾಗೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ. ಎತ್ತಿನ ಗಾಡಿಯಿದ್ದ ಹಾಗೆ, ಕೆಡೋಕೆ ಅದರಲ್ಲಿ ಏನೈತಿ ಅಂದುಕೊಂಡೆ.

ತಗೊಂಡಿದ್ದು ಶೋಕಿಗೇ ಅಂತ ಒಪ್ಪಿಕೊಳ್ತೀನಿ. ಆದರೆ ಶೋಕಿಯ ಹಿಂದೆ ಒಂದು ಆಸೆ ಇತ್ತು. ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜ ಇದ್ದ. ಎಂಬತ್ತು ದಾಟಿತ್ತು. ಅವನದೊಂದು ಸರಿಯಾದ ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ. ಮೊಬೈಲ್‌ನಲ್ಲಿ ಇಲ್ಲ ಅಂತಲ್ಲ. ಯಾರದೋ ಮದುವೆ ಗುಂಪಿನಲ್ಲಿ ಅರ್ಧ ಮುಖ, ಮೊಮ್ಮಗಳ ತೊಟ್ಟಿಲ ಹಿಂದೆ ಅರ್ಧ ಪಟಗ. ಈ ಸಲ ಎರಿ ಹೊಲದಲ್ಲಿ ನಿಲ್ಲಿಸಿ, ಸಮಾಧಾನವಾಗಿ, ನೆಗೆಟಿವ್ ಉಳಿಯೋ ಹಾಗೆ ತೆಗೀಬೇಕು ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಕೊಪ್ಪಳದಲ್ಲಿ ಇಳಿದೆ. ಹೊಲದಲ್ಲಿ ಮೊಬೈಲನ್ನು ಜೇಬಿನಿಂದ ತೆಗೆಯಲೇ ಇಲ್ಲ, ಅಷ್ಟು ಸೊಕ್ಕು.

ಹಿಂಗಾರಿ ಜೋಳ ಮೊಣಕಾಲುದ್ದ ಬಂದಿತ್ತು. ಮಧ್ಯಾಹ್ನದ ಬಿಸಿಲು. ಕ್ಯಾಮೆರಾದಲ್ಲಿ 400ರ ಫಿಲ್ಮು. ಅಂಥ ಬಿಸಿಲಿಗೆ ಮೀಟರ್ ಮುಳ್ಳು ನಡುವೆ ಬರಬೇಕಂದರೆ ಎಫ್ 11 ಇಟ್ಟು ಶಟರ್ ಸ್ಪೀಡನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ, ಅಂದ್ರೆ 1/1000ಕ್ಕೆ ತಿರುಗಿಸಬೇಕು. ತಿರುಗಿಸಿದೆ. ಫೋಟೋಗ್ರಫಿ ವಿಡಿಯೋ ನೋಡಿ ಕಲಿತವನಲ್ವಾ, ಅಜ್ಜನನ್ನ ಫ್ರೇಮಿನ ನಟ್ಟನಡುವೆ ನಿಲ್ಲಿಸಬಾರದು ಅಂತ ಬಲಗಡೆಗೆ ನಿಲ್ಲಿಸಿದೆ. ಎಡಕ್ಕೆ ಎತ್ತು, ಬಂಡಿ, ದೂರದಲ್ಲಿ ಗುಡ್ಡ. ಇಪ್ಪತ್ತು ಫೋಟೋ ತೆಗೆದೆ. ಉಳಿದದ್ದು ಮನೆಯೊಳಗೆ.

ಬೆಂಗಳೂರಿಗೆ ಬಂದು ರೀಲು ತೊಳೆಸಲು ಕೊಟ್ಟೆ. ರೀಲು, ತೊಳೆಯೋದು, ಸ್ಕ್ಯಾನು ಎಲ್ಲ ಸೇರಿ ಸಾವಿರದೈನೂರು ದಾಟಿತು. ಸ್ಕ್ಯಾನ್ ಬಂತು. ಎತ್ತು ಬಂದಿದೆ, ಬಂಡಿ ಬಂದಿದೆ, ಗುಡ್ಡ ಬಂದಿದೆ. ಬಲಗಡೆ ಕಾಲು ಭಾಗ ಕಾಡಿಗೆ ಬಳಿದ ಹಾಗೆ ಕಪ್ಪು. ಇಪ್ಪತ್ತರಲ್ಲೂ ಹಾಗೇ. ಲ್ಯಾಬಿನದು ತಪ್ಪಿರಬೇಕು ಅಂತ ನೆಗೆಟಿವ್ ತಂದು ಕಿಟಕಿಗೆ ಹಿಡಿದೆ. ಅಜ್ಜ ಇರಬೇಕಾದ ಜಾಗದಲ್ಲಿ ಗಾಜಿನ ಹಾಗೆ ಖಾಲಿ. ಅಲ್ಲಿಗೆ ಬೆಳಕೇ ಮುಟ್ಟಿಲ್ಲ.

ಇನ್ನೊಂದು ಸಲ ಹೋದಾಗ ತೆಗೆದರಾಯ್ತು ಅಂದುಕೊಂಡೆ. ಸಂಕ್ರಮಣಕ್ಕೆ ಇನ್ನೂ ಒಂದು ವಾರ ಇರುವಾಗ ಅಜ್ಜ ಹೋದ. ಮದುವೆ ಗುಂಪಿನ ಅರ್ಧ ಮುಖವನ್ನೇ ಕತ್ತರಿಸಿ, ದೊಡ್ಡದು ಮಾಡಿಸಿ ಹಾರ ಹಾಕಿದ್ವಿ. ಪಕ್ಕದವರ ಭುಜ ಇನ್ನೂ ಅದರಲ್ಲಿ ಕಾಣುತ್ತೆ.

ಮಾರಿದವನಿಗೆ ಆ ಸ್ಕ್ಯಾನ್ ಕಳಿಸಿದೆ. ಉತ್ತರ ಬಂತು: ‘ವಿಂಟೇಜ್ ಲುಕ್ ಬ್ರೋ, ಹಳೇ ಕ್ಯಾಮೆರಾ ಹಂಗೇ.’

ಹಳೇ ಕ್ಯಾಮೆರಾ ಹಂಗೆ ಅಲ್ಲ. ಅದು ನನಗೆ ಗೊತ್ತಾಗಿದ್ದು ಕುಷ್ಟಗಿಯಲ್ಲಿ.

ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದ ಸ್ಟುಡಿಯೋ ಅಲ್ಲಿದೆ. ಈಗ ಅದು ಹೆಸರಿಗೆ ಸ್ಟುಡಿಯೋ. ಜೆರಾಕ್ಸು, ಲ್ಯಾಮಿನೇಷನ್ನು, ಆನ್‌ಲೈನ್ ಅರ್ಜಿ. ಗೋಡೆ ಮೇಲೆ ಮಾತ್ರ ಕಾಶ್ಮೀರದ ಪರದೆ ಇನ್ನೂ ತೂಗಾಡುತ್ತೆ. ಅಜ್ಜನ ದಿನ ಮುಗಿಸಿಕೊಂಡು ವಾಪಸ್ ಬರುವಾಗ ಆ ಸ್ಟುಡಿಯೋ ಕಾಕಾನ ಮುಂದೆ ಕ್ಯಾಮೆರಾ ಇಟ್ಟೆ.

“ಎಷ್ಟು ಕೊಟ್ಟಿ?”

“ಹದಿನಾರೂವರಿ ಸಾವಿರ ಕಾಕಾ.”

“ಯಾರ ಮುಂದನೂ ಹೇಳಬ್ಯಾಡ.”

ಆಮೇಲೆ ಕಾಕಾ ಮಾಡಿದ್ದನ್ನ ನೀವು ಸ್ವಲ್ಪ ಗಮನ ಕೊಟ್ಟು ಓದಬೇಕು. ಇದಕ್ಕೆ ಹಿಡಿದ ಸಮಯ ಇಪ್ಪತ್ತು ನಿಮಿಷ. ನಡುವೆ ಇಬ್ಬರಿಗೆ ಆಧಾರ್ ಜೆರಾಕ್ಸ್ ಕೂಡ ತೆಗೆದುಕೊಟ್ಟರು.

ಮೊದಲು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದರು. ಒಳಗೆ ಸ್ಕ್ರೂ ಕಳಚಿದ್ದರೆ ಗೊತ್ತಾಗುತ್ತಂತೆ. ಹಿಂದಿನ ಮುಚ್ಚಳ ತೆಗೆದು ಮೂಸಿ ನೋಡಿದರು, ಹೌದು, ಮೂಸಿದರು. ಮಳೆಗಾಲದ ಟ್ರಂಕಿನ ವಾಸನೆ ಬಂದರೆ ಲೆನ್ಸಿನಲ್ಲೂ ಬೂಜು ಇರುತ್ತೆ ಅಂದರು. ನಮ್ಮ ಕಡೆಯ ಒಣ ಹವೆಗೆ ಕ್ಯಾಮೆರಾದೊಳಗೆ ಧೂಳು ಜಾಸ್ತಿ, ಬೂಜು ಕಡಿಮೆ. ಕರಾವಳಿ, ಮಲೆನಾಡಿನಿಂದ ಬಂದ ಮಾಲಿಗೆ ಉಲ್ಟಾ. ಆದರೆ ಚರ್ಮದ ಕೇಸಿನಲ್ಲಿ ಹಾಕಿ ವರ್ಷಗಟ್ಟಲೆ ಇಟ್ಟಿದ್ದರೆ ಯಲಬುರ್ಗಾ ಆದರೇನು, ಆಗುಂಬೆ ಆದರೇನು. ಚರ್ಮ ತೇವ ಹಿಡಿದುಕೊಳ್ಳುತ್ತೆ. ಮಾರುವವರು ‘ಒರಿಜಿನಲ್ ಲೆದರ್ ಕೇಸ್ ಸಹಿತ’ ಅಂತ ಹಿಗ್ಗಿ ಬರೆದಾಗ ಇದು ನೆನಪಿರಲಿ.

ಆಮೇಲೆ ಬೆಂಕಿಕಡ್ಡಿ ತಗೊಂಡು ಹಿಂದಿನ ಮುಚ್ಚಳ ಕೂಡೋ ಸಂದಿಯಲ್ಲಿ ಎಳೆದರು. ಡಾಂಬರಿನಂಥ ಅಂಟು ಮೆತ್ತಿಕೊಂಡು ಬಂತು. ಬೆಳಕು ಒಳಗೆ ನುಗ್ಗದಂತೆ ಅಲ್ಲಿ ಸ್ಪಂಜು ಅಂಟಿಸಿರುತ್ತಾರೆ. ವರ್ಷ ಕಳೆದಂತೆ ಅದು ಕರಗಿ ಜಿಗಟಾಗುತ್ತೆ. ಕನ್ನಡಿ ಮೇಲೆದ್ದು ಬಡಿಯೋ ಜಾಗದಲ್ಲೂ ಅಂಥದ್ದೇ ಪಟ್ಟಿ. ಇದು ದೊಡ್ಡ ರೋಗ ಅಲ್ಲ, ಹೊಸ ಸ್ಪಂಜು ಕತ್ತರಿಸಿ ಹಾಕಬಹುದು. ಆದರೆ ಹಾಕಿಲ್ಲ ಅಂದ್ರೆ ಮಾರಿದವನು ಹಿಂದಿನ ಮುಚ್ಚಳವನ್ನ ಲಕ್ಷ್ಯ ಕೊಟ್ಟು ನೋಡೇ ಇಲ್ಲ ಅಂತ ಅರ್ಥ.

ಲೆನ್ಸ್ ಬಿಚ್ಚಿ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟರು. ಒಳಗೆ ಎರಡು ಧೂಳಿನ ಕಣ, ಮುಂದಿನ ಗಾಜಿಗೆ ಸಣ್ಣ ಗೀರು. “ಇದಕ್ಕೇನೂ ಆಗೂದಿಲ್ಲ. ಜೇಡರ ಬಲಿ ಹಂಗ ಕಂಡ್ರ ಬಿಡು. ಹಿಂದಿನ ಗಾಜು ಗೀರಿದ್ರನೂ ಬಿಡು.” ಲೆನ್ಸಿನ ಹಿಂದೆ ಇರೋ ಸಣ್ಣ ಕಡ್ಡಿ ಎಳೆದು ಬಿಟ್ಟರು. ಒಳಗಿನ ಎಲೆಗಳು ಪಟ್ ಅಂತ ಮುಚ್ಚಿಕೊಂಡವು. ತೂಕಡಿಸಿದ ಹಾಗೆ ನಿಧಾನ ಮುಚ್ಚಿದರೆ ಎಣ್ಣೆ ಇಳಿದಿದೆ ಅಂತ ಲೆಕ್ಕ. ಲೆನ್ಸ್ ಮತ್ತೆ ಹಾಕಿ, ದೂರದ ನೀರಿನ ಟ್ಯಾಂಕಿಗೆ ಹಿಡಿದು, ಫೋಕಸ್ ಉಂಗುರವನ್ನ ಕೊನೆತನಕ ತಿರುಗಿಸಿದರು. ಟ್ಯಾಂಕು ಚೊಕ್ಕ ಕಂಡಿತು. ಸರಿ ಐತಿ.

ಸೆಲ್ಲಿನ ಮುಚ್ಚಳವನ್ನ ನಾಣ್ಯದಿಂದ ತಿರುಗಿಸಿದರು. ಹಸಿರು ಕಿಲುಬು ಸ್ವಲ್ಪ. ಕೆ-1000ರ ಮೀಟರಿಗೆ ಬೇರೆ ಸ್ವಿಚ್ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಿ ಕತ್ತಲು ಮಾಡಿದರೇ ಅದು ಸುಮ್ಮನಾಗೋದು. ಮುಚ್ಚಳ ಕಳೆದುಕೊಂಡವರ ಕ್ಯಾಮೆರಾದಲ್ಲಿ ಸೆಲ್ಲು ಸತ್ತು, ಅಲ್ಲೇ ಕೊಳೆತಿರುತ್ತೆ.

ಈಗ ಸ್ಪೀಡು. ಒಂದು ಸೆಕೆಂಡಿಗೆ ಇಟ್ಟು ಒತ್ತಿದರು, ಕಣ್ಣು ಮುಚ್ಚಿ. ಜೀರುಂಡೆ ಥರ ಝುಂಯ್ ಅಂತ ಒಳಗಿನ ಚಕ್ರದ ಸದ್ದು. ಅರ್ಧ, ಕಾಲು, ಹೀಗೆ ಪ್ರತಿಯೊಂದೂ ಹಿಂದಿನದಕ್ಕಿಂತ ಅರ್ಧ ಕಿರಿದಾಗಿ ಕೇಳಬೇಕು. ನಡುವೆ ಸಿಕ್ಕಿಹಾಕಿಕೊಂಡು ಏದುಸಿರು ಬಿಟ್ಟರೆ ಗ್ರೀಸು ಗಟ್ಟಿಯಾಗಿದೆ. ನಮ್ಮಂಥ ಕಿವಿ ಇಲ್ಲದವರು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ರೆಕಾರ್ಡ್ ಮಾಡಿ ಫ್ರೇಮ್ ಎಣಿಸಬಹುದು. ನಿಧಾನದ ಸ್ಪೀಡುಗಳಿಗೆ ಅದು ಸಾಕು.

ಕೊನೆಗೆ ಬಂದದ್ದು ನನ್ನ ಪಾಪದ ಜಾಗ. ಲೆನ್ಸ್ ತೆಗೆದು, ಹಿಂದಿನ ಮುಚ್ಚಳ ತೆರೆದು, ಹೊರಗಿನ ಬಿಳಿ ಆಕಾಶಕ್ಕೆ ಹಿಡಿದು 1/60ಕ್ಕೆ ಒತ್ತಿದರು. ಪೂರ್ತಿ ಚೌಕ ಬೆಳ್ಳಗೆ ಮಿಂಚಿತು. 1/250, ಪೂರ್ತಿ. 1/500, ಒಂದು ಅಂಚು ಮಸುಕು. 1/1000. ಒಂದು ಬದಿ ಮಿಂಚಲೇ ಇಲ್ಲ.

ಈ ಕ್ಯಾಮೆರಾದ ಶಟರ್ ಅಂದ್ರೆ ಬಟ್ಟೆಯ ಎರಡು ಪರದೆ. ಒಂದು ಓಡುತ್ತೆ, ಅದರ ಹಿಂದೆ ಇನ್ನೊಂದು ಬೆನ್ನಟ್ಟುತ್ತೆ. ನಡುವಿನ ಸೀಳಿನಿಂದ ಬೆಳಕು ಫಿಲ್ಮಿಗೆ ಬೀಳುತ್ತೆ. ಸ್ಪೀಡ್ ಹೆಚ್ಚಿದಷ್ಟೂ ಸೀಳು ಕಿರಿದು. ಮುಂದಿನ ಪರದೆಗೆ ವಯಸ್ಸಾಗಿ ಓಟ ನಿಧಾನವಾದರೆ, ಹಿಂದಿನದು ದಾರಿಯಲ್ಲೇ ಅದನ್ನ ಹಿಡಿದುಬಿಡುತ್ತೆ. ಸೀಳು ಮುಚ್ಚಿಹೋಗುತ್ತೆ. ಅಲ್ಲಿಂದ ಮುಂದೆ ಕತ್ತಲು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪಕ್ಕಾ ರೇಸ್ ಕಂಡಿಷನ್. ಲೋಡ್ ಹೆಚ್ಚಾದಾಗ ಮಾತ್ರ ಕಾಣಿಸಿಕೊಳ್ಳೋ ಬಗ್ಗು.

ಈಗ ಮಾರಿದವನ ಆರು ಫೋಟೋ ನೆನಪಿಸಿಕೊಳ್ಳಿ. ಕೆಫೆ, ಬೆಕ್ಕು, ಸಂಜೆ ಗಲ್ಲಿ. ಎಲ್ಲವೂ 1/30, 1/60ಕ್ಕೆ ಬರೋ ಬೆಳಕು. ಬಿಸಿಲಿನದು ಒಂದೂ ಇಲ್ಲ. ‘ಫಿಲ್ಮ್ ಟೆಸ್ಟೆಡ್’ ಸುಳ್ಳಲ್ಲ. ಎಲ್ಲಿ ಪಾಸಾಗುತ್ತೋ ಅಲ್ಲಿ ಮಾತ್ರ ಟೆಸ್ಟು.

“ಎಲ್ಲಿ ಫೋಟೋ ಬರತೈತಿ ಅಂತ ನೋಡಬ್ಯಾಡೋ ತಮ್ಮಾ,” ಅಂದರು ಕಾಕಾ, “ಎಲ್ಲಿ ಬರೂದಿಲ್ಲ ಅಂತ ಹುಡುಕು.”

ಇಷ್ಟೇ ಆಗಿದ್ದರೆ ನಾನು ನನ್ನ ದಡ್ಡತನಕ್ಕೆ ಕೈ ಮುಗಿದು ಸುಮ್ಮನಾಗ್ತಿದ್ದೆ. ಈ ಲೇಖನ ಬರೆಯೋ ಹಾಗೆ ಮಾಡಿದ್ದು ಆಮೇಲಿನ ಮಾತು. ಕಾಕಾ ನಿಮ್ಮ ಕ್ಯಾಮೆರಾ ಎಲ್ಲಿ ಅಂತ ಕೇಳಿದೆ. ಅವರ ಹತ್ತಿರ ಒಂದು ಕೆ-1000, ಎರಡು ಲೆನ್ಸು, ಒಂದು ಯಾಷಿಕಾ ಮ್ಯಾಟ್-124ಜಿ ಇತ್ತು. ಆ ಪೆಟ್ಟಿಗೆಯಂಥ ಕ್ಯಾಮೆರಾ, ಮೇಲಿನಿಂದ ಬಗ್ಗಿ ನೋಡ್ತಾರಲ್ಲ, ಎರಡು ಕಣ್ಣಿನದು. ನನ್ನ ಹಾಲ್ ಟಿಕೆಟ್ ಫೋಟೋ ಅದರಲ್ಲೇ ತೆಗೆದಿದ್ದು. ಎಲ್ಲ ಅಟ್ಟದ ಮೇಲಿತ್ತಂತೆ. ಒಂದು ದಿನ ಬೈಕಿನಲ್ಲಿ ಇಬ್ಬರು ಹುಡುಗರು ಬಂದರಂತೆ. ಕೊಪ್ಪಳ, ಗಂಗಾವತಿ, ಸಿಂಧನೂರು ಅಂತ ಸ್ಟುಡಿಯೋ ಸ್ಟುಡಿಯೋ ಸುತ್ತಿಕೊಂಡು ಬಂದಿದ್ದರು. ಎಲ್ಲ ಸೇರಿ ಮೂರು ಸಾವಿರ ಕೊಟ್ಟು ಒಯ್ದರಂತೆ.

“ಹಂಗ ಒಯ್ದ್ರಾ ಕಾಕಾ, ನೋಡದ?”

“ನೋಡದ ಯಾರ ಒಯ್ತಾರೋ! ಅರ್ಧಾ ತಾಸು ಕುಂತು ಒಂದೊಂದ ಸ್ಪೀಡ್ ಹೊಡದು ನೋಡಿದ್ರು. ಬ್ಯಾಟರಿ ಬಿಟ್ಟು ಲೆನ್ಸ್ ನೋಡಿದ್ರು. ಯಾಷಿಕಾದ ಮೀಟರ್ ಸತ್ತೈತಿ ಅಂತ ಐನೂರು ಮುರಕೊಂಡ್ರು. ನಿನಗಿಂತ ಶಾಣ್ಯಾ ಅದಾರ.”

ಗೊತ್ತಾಯ್ತಲ್ಲ? ಅಟ್ಟದಿಂದ ಇಳಿಸುವಾಗ ಒಂದೊಂದು ಸ್ಪೀಡೂ ಟೆಸ್ಟ್ ಆಗಿರುತ್ತೆ, ಒಂದೊಂದು ಕುಂದಿಗೂ ದುಡ್ಡು ಮುರಿದಿರುತ್ತಾರೆ. ಬೆಂಗಳೂರಿನ ಟೇಬಲ್ ಮೇಲೆ ಒಣ ಹೂವಿನ ಪಕ್ಕ ಕೂರುವಷ್ಟರಲ್ಲಿ ಅದು ‘ಅನ್‌ಟೆಸ್ಟೆಡ್’ ಆಗುತ್ತೆ. ನನ್ನದು ಅದೇ ಕೈಗಳಿಂದ ಬಂದದ್ದು ಅಂತ ಹೇಳ್ತಿಲ್ಲ, ಅದು ನನಗೆ ಗೊತ್ತಿಲ್ಲ. ಆದರೆ ವ್ಯಾಪಾರಕ್ಕೆ ಅಂತ ಕ್ಯಾಮೆರಾ ಕೊಳ್ಳುವವನು ಒಂದು ಸಲವೂ ಶಟರ್ ಒತ್ತದೆ ದುಡ್ಡು ಬಿಚ್ಚಿದ ಅಂದರೆ ನಾನು ನಂಬಲ್ಲ. ಅನ್‌ಟೆಸ್ಟೆಡ್ ಅಂದರೆ ಟೆಸ್ಟ್ ಮಾಡಿದ್ದೇನೆ, ಫಲಿತಾಂಶ ನಿನಗೆ ಹೇಳಲ್ಲ ಅಂತ.

ಇದನ್ನ ಆಫೀಸಿನಲ್ಲಿ ಹೇಳಿದರೆ ಬರೋ ಮೊದಲ ಉತ್ತರ: ‘ಅಷ್ಟೆಲ್ಲ ಕೇಳಿದರೆ ಅವರಿಗೆ ಬೇಜಾರಾಗುತ್ತೆ ಬ್ರೋ, ಅನುಮಾನ ಪಟ್ಟ ಹಾಗಾಗುತ್ತೆ.’ ನನಗೆ ನಗು ಬರುತ್ತೆ. ನಾನು ದನದ ಸಂತೆ ನೋಡಿ ಬೆಳೆದವನು. ಅಪ್ಪ ಹೋರಿ ಕೊಳ್ಳೋಕೆ ಹೋದರೆ ಮೊದಲು ಬಾಯಿ ಬಿಚ್ಚಿಸಿ ಹಲ್ಲು ಎಣಿಸುತ್ತಿದ್ದ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡೈತೋ. ಆಮೇಲೆ ಸುಳಿ. ಆಮೇಲೆ ನಡೆಸೋದು, ಹಿಂದಕ್ಕೆ ಸರಿಸೋದು, ಹೆಗಲು ಮುಟ್ಟಿ ನೋಡೋದು. ಕೋಡು ಹೆರೆಸಿ, ಎಣ್ಣೆ ಹಚ್ಚಿ ಮಿಂಚಿಸಿದ್ದರೆ ಅಪ್ಪನಿಗೆ ಇನ್ನೂ ಜಾಸ್ತಿ ಅನುಮಾನ. ಯಾವ ಮಾಲೀಕನೂ ಬೇಜಾರು ಮಾಡಿಕೊಂಡದ್ದು ನಾನು ನೋಡಿಲ್ಲ. ಹಲ್ಲು ನೋಡದೆ ದುಡ್ಡು ಕೊಡೋಕೆ ಬಂದವನನ್ನೇ ಸಂತೆಯಲ್ಲಿ ಅನುಮಾನದಿಂದ ನೋಡ್ತಾರೆ. ಎಲ್ಲ ನೋಡಿ ಆದ ಮೇಲೆ ದಲ್ಲಾಳಿ ಟವೆಲ್ ಹಾಸಿ, ಅದರಡಿ ಬೆರಳು ಹಿಡಿದು ರೇಟು. ಹೊಸ ಕೆಂಪು ಚರ್ಮ ಅಂಟಿಸಿಕೊಂಡು ಬರೋ ಕ್ಯಾಮೆರಾ ಕಂಡಾಗಲೆಲ್ಲ ನನಗೆ ಆ ಎಣ್ಣೆ ಹಚ್ಚಿದ ಕೋಡೇ ನೆನಪಾಗೋದು.

ಎರಡನೇ ಉತ್ತರ: ‘ಲೈಟ್ ಲೀಕ್ ಇದ್ದರೇನೇ ಚಂದ, ಅದೇ ಫಿಲ್ಮಿನ ಫೀಲ್.’ ನಿಮಗೆ ಫೋಟೋ ಕೆಟ್ಟದ್ದೇ ಬೇಕಿದ್ದರೆ ಅದಕ್ಕೆ ಉಚಿತ ಆ್ಯಪ್‌ಗಳಿವೆ. ಕಾಕಾ ಮೂವತ್ತು ವರ್ಷ ಮದುವೆ ತೆಗೆದರು. ತಾಳಿ ಕಟ್ಟೋ ಫೋಟೋದಲ್ಲಿ ಮದುಮಗಳ ಮೇಲೆ ಕೆಂಪು ಪಟ್ಟಿ ಬಂದಿದ್ದರೆ ಅವರನ್ನ ಹಂದರದ ಕಂಬಕ್ಕೆ ಕಟ್ಟುತ್ತಿದ್ದರು. ಹಳೇ ಕಾಲದ ಫೋಟೋ ಮಸುಕಾಗಿರುತ್ತಿತ್ತು ಅನ್ನೋದು ಆ ಕಾಲದ ಕಸುಬುದಾರರಿಗೆ ನಾವು ಮಾಡ್ತಿರೋ ಅವಮಾನ. ತುಂಗಭದ್ರೆಯ ಈ ದಡ ಗಂಗಾವತಿ ತಾಲೂಕಿನ ಆನೆಗೊಂದಿ, ಆ ದಡ ಹಂಪಿ. ಅಲ್ಲಿಗೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ಕ್ಯಾಮೆರಾ ಹೊತ್ತು ಬಂದಿದ್ದ. ಫಿಲ್ಮಿನ್ನೂ ಹುಟ್ಟಿರಲಿಲ್ಲ, ಮೇಣ ಸವರಿದ ಕಾಗದದ ನೆಗೆಟಿವ್. ಆ ನೆಗೆಟಿವ್ ಉಳಿದಿದ್ದರಿಂದಲೇ ಕಲ್ಲಿನ ರಥದ ತಲೆ ಮೇಲೆ ಆಗ ಇಟ್ಟಿಗೆಯ ಗೋಪುರ ಇತ್ತು ಅಂತ ಇವತ್ತು ನಾವು ಕಣ್ಣಾರೆ ನೋಡಬಹುದು. 1983ರಲ್ಲಿ ಜಾನ್ ಗೋಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದ. ಗ್ರೀನ್‌ಲಾನ ಚಿತ್ರಗಳಲ್ಲಿ ಒಂದೊಂದು ಕಲ್ಲೂ ಎಣಿಸೋ ಹಾಗಿದೆ. ‘ಫೀಲ್’ ಅಂತ ಅವನು ಕಾಲು ಭಾಗ ಕಪ್ಪು ಬಿಟ್ಟಿದ್ದರೆ ಆ ಗೋಪುರ ಎಲ್ಲಿ ಹೋಗ್ತಿತ್ತು?

ಮೂರನೇ ಉತ್ತರ ಊರಿನವರದು: ಮೊಬೈಲಿನ್ಯಾಗ ಎಲ್ಲಾ ಐತಲ್ಲ, ಇದ್ಯಾಕ ಬೇಕು ನಿನಗ? ಇದಕ್ಕೆ ನಾನು ಜಗಳ ಆಡಲ್ಲ. ಬೇಕು ಅನ್ನಿಸಿದವರಿಗೆ ಬೇಕು, ಅಷ್ಟೇ.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. ನಮ್ಮಲ್ಲಿ ಸರಕು ಮಾರಾಟ ಕಾಯ್ದೆ 1930ರದ್ದು. ಅದರ 16ನೇ ಸೆಕ್ಷನ್ ಶುರುವಾಗೋದೇ, ಮಾಲಿನ ಗುಣಮಟ್ಟಕ್ಕೆ ಮಾರುವವನು ತಾನಾಗಿಯೇ ಹೊಣೆ ಅಲ್ಲ ಅಂತ. ಅದಕ್ಕೆ ಅಪವಾದಗಳಿವೆ. ಅಂಥದ್ದೇ ಮಾಲಿನ ವ್ಯಾಪಾರ ಮಾಡುವವನಿಂದ, ಅವನ ವಿವರಣೆ ನಂಬಿ ಕೊಂಡರೆ ಅವನಿಗೂ ಹೊಣೆ ಬರುತ್ತೆ. ಆದ್ದರಿಂದ ಆ ವಿವರಣೆಯನ್ನ ಬರಹದಲ್ಲಿ ತಗೊಳ್ಳಿ. ‘ಎಲ್ಲ ಸ್ಪೀಡ್ ಸರಿ ಇವೆಯಾ, 1/1000 ಸೇರಿ?’ ಅಂತ ಮೆಸೇಜ್‌ನಲ್ಲಿ ಕೇಳಿ, ಮೆಸೇಜ್‌ನಲ್ಲೇ ಉತ್ತರ ತಗೊಳ್ಳಿ. ಫೋನಿನಲ್ಲಿ ‘ಏನೂ ತೊಂದರೆ ಇಲ್ಲ ಬ್ರೋ’ ಅಂದಿದ್ದು ಗಾಳಿಗೆ ಹೋಯ್ತು.

ಕ್ಲಿಕ್ ಸದ್ದಿನ ವಿಡಿಯೋ ಕಳಿಸಿದರೆ ಸಮಾಧಾನ ಪಡಬೇಡಿ. ಯಾಷಿಕಾ ಎಲೆಕ್ಟ್ರೋ 35 ಅನ್ನೋ ಚಂದದ ಕ್ಯಾಮೆರಾ ಇದೆ, ಬಹಳ ಜನ ಬೆನ್ನು ಬಿದ್ದಿರೋದು. ಅದರಲ್ಲಿ ಬ್ಯಾಟರಿಯೇ ಇಲ್ಲದಿದ್ದರೂ ಕ್ಲಿಕ್ ಅನ್ನುತ್ತೆ, ಎಷ್ಟು ಒತ್ತಿದರೂ 1/500ಕ್ಕೇ. ಸದ್ದು ಕೇಳಿ ಹಿಗ್ಗಿದವರ ಒಳಾಂಗಣದ ಫೋಟೋಗಳೆಲ್ಲ ಅಮಾವಾಸ್ಯೆ. ಕ್ಯಾನನ್ ಎಇ-1 ಇದಕ್ಕೆ ಉಲ್ಟಾ, 6 ವೋಲ್ಟಿನ ಬ್ಯಾಟರಿ ಇಲ್ಲದೆ ಶಟರ್ ಬೀಳೋದೇ ಇಲ್ಲ. ಬ್ಯಾಟರಿ ಹಾಕಿದ ಮೇಲೆ ಒತ್ತಿದಾಗ ಕೀಚ್ ಅಂತ ಕೆಮ್ಮಿದರೆ ಒಳಗೆ ಎಣ್ಣೆ ಒಣಗಿದೆ. ಕಾಕಾನ ಮ್ಯಾಟ್-124ಜಿಯಂಥವಕ್ಕೆ ಮೂಲತಃ ಪಾದರಸದ 1.35 ವೋಲ್ಟ್ ಸೆಲ್ಲು. ಅದು ಈಗ ಅಂಗಡಿಯಲ್ಲಿ ಸಿಗಲ್ಲ. ಇವತ್ತಿನ 1.5 ವೋಲ್ಟ್ ಹಾಕಿದರೆ ಮೀಟರ್ ತಪ್ಪು ಲೆಕ್ಕ ಹೇಳುತ್ತೆ. ಲೈಕಾ ಅಂತ ಯಾರಾದರೂ ಬಂಗಾರದ ಬಣ್ಣದ್ದು ತೋರಿಸಿದರೆ ಸುಮ್ಮನೆ ಎದ್ದು ಬನ್ನಿ. ಸೋವಿಯತ್ ಕಾಲದ ಫೆಡ್, ಜೋರ್ಕಿಗಳಿಗೆ ಲೈಕಾ ಹೆಸರು ಕೆತ್ತಿ ಮಾರೋ ದಂಧೆ ಜಗತ್ತಿನ ತುಂಬ ಇದೆ.

ಎದುರಿಗೆ ಕೂತು ಕೊಳ್ಳೋದಾದರೆ ಕಿಸೆಯಲ್ಲಿ ಒಂದು ಹಾಳಾದ ರೀಲು ಇಟ್ಟುಕೊಂಡು ಹೋಗಿ. ಲ್ಯಾಬಿನವರನ್ನ ಕೇಳಿದರೆ ಕೊಡ್ತಾರೆ. ಕ್ಯಾಮೆರಾದಲ್ಲಿ ಹಾಕಿ, ಮುಚ್ಚಳ ತೆರೆದೇ ಇಟ್ಟು ಸುತ್ತಿ. ಒಂದೊಂದು ಕ್ಲಿಕ್ಕಿಗೂ ಚೌಕದ ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆಗಳ ಅಂತರ ಸಮ ಇಲ್ಲದಿದ್ದರೆ ಫೋಟೋ ಮೇಲೆ ಫೋಟೋ ಹತ್ತುತ್ತೆ. ಇಷ್ಟು ಮಾಡೋಕೆ ಬಿಡದವನ ಹತ್ತಿರ ಕೊಳ್ಳಲೇಬೇಡಿ. ಕೆ-1000ಗಳು ಇಪ್ಪತ್ತೊಂದು ವರ್ಷ ಲಕ್ಷಗಟ್ಟಲೆ ತಯಾರಾಗಿವೆ, ಯಾವುದೂ ‘ಲಾಸ್ಟ್ ಪೀಸ್’ ಅಲ್ಲ.

ಪ್ರಾಮಾಣಿಕ ಮಾರಾಟಗಾರರು ಇಲ್ಲವೇ ಇಲ್ಲ ಅಂತ ಬರೆದರೆ ನಾನೇ ಸುಳ್ಳುಗಾರನಾಗ್ತೀನಿ. ಸರ್ವಿಸ್ ಮಾಡಿಸಿ, ಯಾವ ಸ್ಪೀಡ್ ಎಷ್ಟಕ್ಕೆ ಓಡ್ತಿದೆ ಅಂತ ಬರೆದುಕೊಟ್ಟು, ವಾರದೊಳಗೆ ವಾಪಸ್ ತಗೊಳ್ಳುವವರನ್ನ ಆಮೇಲೆ ನಾನು ಕಂಡಿದ್ದೇನೆ. ಅವರು ಎರಡು ಸಾವಿರ ಜಾಸ್ತಿ ಕೇಳ್ತಾರೆ, ನಾವು ಜಾಸ್ತಿಯಾಯ್ತು ಅಂತ ಒಣ ಹೂವಿನವನ ಹತ್ತಿರ ಹೋಗ್ತೀವಿ. ಅಲ್ಲಿಗೆ ಅವರೂ ಒಂದು ದಿನ ಟೆಸ್ಟ್ ಮಾಡೋದು ಬಿಟ್ಟು ಹೂವು ಕೊಳ್ತಾರೆ. ತಪ್ಪು ಅರ್ಧ ನಮ್ಮದೇ.

ಅದಕ್ಕಿಂತ ನಾಚಿಕೆಯ ಲೆಕ್ಕ ಇನ್ನೊಂದಿದೆ. ನಾನು ಮಾರಿದವನಿಗೆ ಕೊಟ್ಟಿದ್ದು ಹದಿನಾರೂವರೆ ಸಾವಿರ. ಇಪ್ಪತ್ತು ನಿಮಿಷದಲ್ಲಿ ರೋಗ ಹಿಡಿದ ಕಾಕಾನಿಗೆ ಐನೂರು ಕೊಡೋಕೆ ಹೋದರೆ, “ಚಾ ಕುಡಿಸು ಸಾಕು” ಅಂದರು, ನಾನೂ ಚಾ ಕುಡಿಸಿ ಬಂದೆ. ಕೊಪ್ಪಳದಲ್ಲಿ, ಗಂಗಾವತಿಯಲ್ಲಿ, ನಿಮ್ಮ ಊರಿನ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇಂಥ ಕಿವಿ ಇರೋ ಒಬ್ಬರು ಕೂತಿರುತ್ತಾರೆ. ಕೊಳ್ಳೋ ಮುಂಚೆ ಅವರ ಹತ್ತಿರ ಹೋಗಿ, ಚಾ ಬೇಡ, ಫೀಸು ಕೊಡಿ. ಕೋಡ್ ರಿವ್ಯೂಗೆ ಸಂಬಳ ತಗೊಳ್ಳೋ ನಮಗೆ ಇದು ಬಿಡಿಸಿ ಹೇಳಬೇಕಾ? ಮುಂದಿನ ಸಲ ಹೋದಾಗ ಕಾಕಾನ ಜೇಬಿಗೆ ಸಾವಿರ ರೂಪಾಯಿ ತುರುಕಿದೆ. ಬೈದರು, ಆದರೆ ವಾಪಸ್ ಕೊಡಲಿಲ್ಲ.

ಕ್ಯಾಮೆರಾ ಈಗಲೂ ನನ್ನ ಹತ್ತಿರ ಇದೆ. 1/250 ದಾಟಿಸಬ್ಯಾಡ ಅಂದಿದ್ದಾರೆ ಕಾಕಾ, ದಾಟಿಸಲ್ಲ. ಆ ಮೊದಲ ರೀಲಿನಲ್ಲಿ ಮನೆಯೊಳಗೆ ತೆಗೆದ ಹದಿನಾರು ಫೋಟೋ ಸರಿಯಾಗೇ ಬಂದಿದ್ದವು. ಅವ್ವ ರೊಟ್ಟಿ ಬಡಿಯೋದು, ಬಾಗಿಲು, ಬೆಕ್ಕು, ಹೌದು ನಾನೂ ಬೆಕ್ಕು ತೆಗೆದಿದ್ದೆ. ಒಂದರಲ್ಲಿ ಅಜ್ಜ ಪಡಸಾಲಿಯ ಕಂಬಕ್ಕೆ ಮುಖ ಮಾಡಿ ಪಟಗ ಸುತ್ತಿಕೊಳ್ತಿದ್ದಾನೆ. ಬೆನ್ನಷ್ಟೇ ಕಾಣುತ್ತೆ, ಎರಡು ಕೈ ಮೇಲೆ.

ಮೊನ್ನೆ ಅದೇ ಪುಟದಲ್ಲಿ ಇನ್ನೊಂದು ಕೆ-1000 ಬಂತು. ಫಿಲ್ಮ್ ಟೆಸ್ಟೆಡ್, 18,000. ಜೊತೆಗೆ ಆರು ಫೋಟೋ, ಕೆಫೆ, ಸಂಜೆ, ಕಿಟಕಿ. ನಾನು ಮೆಸೇಜ್ ಹಾಕಿದೆ: ಮಧ್ಯಾಹ್ನದ ಬಿಸಿಲಲ್ಲಿ 1/1000ಕ್ಕೆ ತೆಗೆದದ್ದು ಒಂದು ತೋರಿಸಿ. ಹತ್ತು ನಿಮಿಷದಲ್ಲಿ ನನ್ನನ್ನ ಬ್ಲಾಕ್ ಮಾಡಿದ.